ಮೀಟರ್‌ನಾಗ 25.9, ರೋಬೋಟ್ 40ನೇ ಸೆಕೆಂಡಿಗೆ ಠಪ್: ಮ್ಯಾಚ್‌ಗೆ ಮೊದಲ ನಾವು ನೋಡಿದ್ದಾದ್ರೂ ಏನು?

ಕೊಥ್ರೂಡ್ ಹುಡುಗ
ಭಾನುವಾರ, ರಾತ್ರಿ 11:40

ನಮಸ್ಕಾರ್ರಿ ಎಲ್ಲಾರಿಗೂ. ಪುಣೆದಾಗ ಇಂಜಿನಿಯರಿಂಗ್ ಮೂರನೇ ವರ್ಷ ಓದಾಕತ್ತೀನಿ. ಮನ್ಯಾಗ ವಿಜಯಪುರದ ಮಾತು, ಇಲ್ಲೂ ಹಂಗ ಬರೀತೀನಿ. ನಿನ್ನೆ ಸೋತು ಬಂದೀವಿ. ಸೋತಿದ್ದಕ್ಕ ಬ್ಯಾಸರಿಲ್ಲ, ಯಾಕ ಸೋತ್ವಿ ಅನ್ನೂದು ತಿಳೀವಲ್ದು. ಅದಕ್ಕ ನಿದ್ದಿ ಇಲ್ಲ.

ರೋಬೋಕಾನ್ (ಕಾಲೇಜು ಹುಡುಗರ ರೋಬೋಟ್ ಆಟ) ಮಾದರಿಯ ಸ್ಪರ್ಧಾ. ಮ್ಯಾಚ್ 3 ನಿಮಿಷ, ಅದಕ್ಕಿಂತ ಮೊದಲ ಕಣದಾಗ ರೋಬೋಟ್ ಸಜ್ಜು ಮಾಡಾಕ 1 ನಿಮಿಷ. ನಮ್ಮದು ನಾಲ್ಕು ಮೋಟರಿನ ಗಾಡಿ. 6 ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಎಕ್ಸ್‌ಟಿ60 ಕನೆಕ್ಟರ್, 12 ಗೇಜ್ ಸಿಲಿಕಾನ್ ವೈರು, ನಡುವ ಕೆಂಪು ಎಮರ್ಜೆನ್ಸಿ ಬಟನ್, ಅಲ್ಲಿಂದ ಎಲ್ಲಾ ಕಡೆ ಕರೆಂಟ್ ಹಂಚೂ ಡಿಸ್ಟ್ರಿಬ್ಯೂಶನ್ ಬೋರ್ಡು. ಕಂಟ್ರೋಲರ್‌ಗೆ ವೋಲ್ಟ್ ಇಳಿಸೂ ಬಕ್ ಕನ್ವರ್ಟರಿಂದ 5 ವೋಲ್ಟ್.

ಪಿಟ್‌ನಾಗ (ಕಣದ ಹೊರಗ ತಂಡ ಗಾಡಿ ಸಜ್ಜು ಮಾಡೂ ಜಾಗ) ನಾನಽ ಚೆಕ್ ಮಾಡಿದ್ದೆ. ಬ್ಯಾಟರಿ ಮೀಟರ್‌ನಾಗ 25.9 ತೋರಿಸ್ತು. ಪ್ರತಿ ವೈರಿಗೂ ಕಂಟಿನ್ಯುಟಿ ಬೀಪ್, ಅಂದ್ರ ದಾರಿ ಕೂಡೇತಿ ಅನ್ನೂ ಮೀಟರಿನ ಸದ್ದು, ಬಂತು. ಗಾಡಿ ಮ್ಯಾಲೆತ್ತಿ ಚಕ್ರ ತಿರುಗಿಸಿದ್ವಿ, ನಾಲ್ಕೂ ತಿರುಗಿದ್ವು. ಪಟ್ಟಿಯೊಳಗ ಎಲ್ಲಾದಕ್ಕೂ ಟಿಕ್.

ಮೊದಲನೇ ಮ್ಯಾಚ್ ಸುಸೂತ್ರ. ಎರಡನೇದ್ರಾಗ 40ನೇ ಸೆಕೆಂಡಿಗೆ ರ‍್ಯಾಂಪ್ ಏರೂ ಮುಂದ ಠಪ್ ಅಂತ ನಿಂತ್ತು. ಮೂರು ಸೆಕೆಂಡ್ ಬಿಟ್ಟು ತಾನಽ ಎದ್ತು, ಕಂಟ್ರೋಲರ್ ಮತ್ತ ಚಾಲೂ ಆತು, ಮತ್ತ ಅದಽ ರ‍್ಯಾಂಪಿನ್ಯಾಗ ಮಲಕೊಂತು. ರೀಟ್ರೈ ತಗೊಂಡ್ವಿ, ಅವಾಗೂ ಅದಽ ಜಾಗ. ಪಿಟ್‌ಗೆ ತಂದು ನೋಡಿದ್ರ ಎಲ್ಲಾ ಕಡೆ ಬೀಪ್. ಇವತ್ತು ಲ್ಯಾಬ್‌ನಾಗ ಸ್ಟ್ಯಾಂಡ್ ಮ್ಯಾಲಿಟ್ಟು 20 ನಿಮಿಷ ಓಡಿಸಿದ್ವಿ. ಒಮ್ಮೆನೂ ನಿಂದರಲಿಲ್ಲ. ಏನಿದ್ದೀತು?


ಟೇಪ್ ಸಾಕು
ಭಾನುವಾರ, ರಾತ್ರಿ 11:52

ಕೋಡ್ ನೋಡು ಗುರು. ತಾನೇ ನಿಂತು ತಾನೇ ಏಳೋದು ಅಂದ್ರೆ ನೂರಕ್ಕೆ ತೊಂಬತ್ತು ಸಲ ಕೋಡ್. ಕಂಟ್ರೋಲರ್ ಎಲ್ಲೋ ಸಿಕ್ಕಿಹಾಕಿಕೊಂಡು ರಿಸೆಟ್ ಆಗಿರತ್ತೆ. ನಾನು ಪಿಂಪ್ರಿಯಲ್ಲಿ ಆರು ವರ್ಷದಿಂದ ಕಾದಾಡೋ ರೋಬೋಟ್ ಮಾಡ್ತಿದೀನಿ. ನಮ್ಮ ವೈರಿಂಗ್ ನೋಡಿದ್ರೆ ನಿಮ್ಮ ಮೇಷ್ಟ್ರು ಅಳ್ತಾರೆ, ಆದ್ರೂ ನಡೆಯತ್ತೆ. ಟೇಪ್ ಸುತ್ತು, ಕೋಡ್ ತಿದ್ದು.


ಕೊಥ್ರೂಡ್ ಹುಡುಗ

ಕೋಡ್ ಅಲ್ರಿ ಅಣ್ಣಾ. ನಿಂತಾಗ ಡಿಸ್ಟ್ರಿಬ್ಯೂಶನ್ ಬೋರ್ಡಿನ ಲೈಟೂ ಆರಿತ್ತು. ಗೆಳ್ಯಾ ಒಬ್ಬಾಂವ ಮೊಬೈಲ್‌ನಾಗ ವಿಡಿಯೋ ಹಿಡದಾನ, ಅದ್ರಾಗ ಸ್ಪಷ್ಟ ಕಾಣತೈತಿ. ಆ ಲೈಟಿಗೂ ಕೋಡಿಗೂ ಸಂಬಂಧ ಇಲ್ಲ, ಬ್ಯಾಟರಿಯಿಂದ ನೇರ ಬರೂದು.


ಮುಲುಂಡ್ ಅಮ್ಮ
ಸೋಮವಾರ, ಬೆಳಿಗ್ಗೆ 6:15

ಡಬ್ಬಿ ಕಟ್ಟಿ ಆಯ್ತು, ಐದು ನಿಮಿಷ ಪುರುಸೊತ್ತು ಉಂಟು, ಬರೆಯುತ್ತೇನೆ. ನನ್ನ ಮಗಳ ತಂಡ ಎಫ್‌ಟಿಸಿ ಆಡುವುದು, ಶಾಲೆ ಮಕ್ಕಳ ಸ್ಪರ್ಧೆ. ಅಲ್ಲಿ ನಿಮ್ಮ ಹಾಗೆ ಲಿಪೋ ಇಲ್ಲ. 10 ಸೆಲ್ಲಿನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್, 12 ವೋಲ್ಟ್, 20 ಆಂಪಿಯರ್ ಫ್ಯೂಸು, ಎಕ್ಸ್‌ಟಿ30 ಕನೆಕ್ಟರು.

ನಾನು ಇಂಜಿನಿಯರ್ ಅಲ್ಲ ಮಾರಾಯ್ರೆ, ಉಡುಪಿಯಿಂದ ಮದುವೆಯಾಗಿ ಬಂದವಳು, ಮಕ್ಕಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಹೋಗಿ ಇಷ್ಟು ಕಲಿತದ್ದು. ಆದರೆ ಒಂದು ಹೇಳುತ್ತೇನೆ. ಸ್ಟ್ಯಾಂಡಿನ ಮೇಲೆ ಇಟ್ಟು ಚಕ್ರ ತಿರುಗಿಸುವುದು ಪರೀಕ್ಷೆಯೇ ಅಲ್ಲ. ಗಾಳಿಯಲ್ಲಿ ತಿರುಗಿದರೆ ಅದು ಟೇಬಲ್ ಫ್ಯಾನು. ನಮ್ಮ ಮಕ್ಕಳದ್ದೂ ಹೀಗೇ ಆಗಿತ್ತು. ಪಿಟ್ಟಿನಲ್ಲಿ ಚಂದ ಓಡುತ್ತದೆ, ಕಣದಲ್ಲಿ ಇನ್ನೊಂದು ರೋಬೋಟಿಗೆ ಗುದ್ದಿದ ಕೂಡಲೇ ಸತ್ತುಹೋಗುತ್ತದೆ. ಕಡೆಗೆ ನೋಡಿದರೆ ಬ್ಯಾಟರಿಯನ್ನು ವೆಲ್ಕ್ರೋದಲ್ಲಿ ಮೆತ್ತಿದ್ದರು, ಗುದ್ದಿದಾಗ ಅದು ಅರ್ಧ ಇಂಚು ಜರುಗುತ್ತಿತ್ತು, ಕನೆಕ್ಟರನ್ನು ಎಳೆಯುತ್ತಿತ್ತು. ಈಗ ಅಡ್ಡ ಬೆಲ್ಟು ಹಾಕಿ ಬಿಗಿದಿದ್ದಾರೆ.

ನೀವು ಗುದ್ದಿದ್ದಲ್ಲ, ಏರಿದ್ದು. ಆದರೂ ಎರಡರಲ್ಲೂ ಕರೆಂಟು ಜಾಸ್ತಿ ಎಳೆಯುವ ಹೊತ್ತೇ ಅಲ್ವಾ?


ಕಾರ್‌ಶೆಡ್ ಕಾಕಾ
ಸೋಮವಾರ, ಬೆಳಿಗ್ಗೆ 9:05

ಮ್ಯಾಲಿನ ತಂಗಿ ಸರಿಯಾದ ಜಾಗಕ್ಕ ಬೊಟ್ಟಿಟ್ಟಾಳ.

ನಾನು ಮುಂಬೈ ಲೋಕಲ್ ಗಾಡಿಗಳ ಕಾರ್‌ಶೆಡ್‌ನಾಗ ಇಲೆಕ್ಟ್ರಿಕಲ್ ಫಿಟರ್ ಆಗಿ ರಿಟೈರ್ ಆದಾಂವ. ಮೂಲ ಗದಗ ಕಡೆ, ಕಲ್ಯಾಣದಾಗ ಮೂವತ್ತೈದು ವರ್ಷ. ರೋಬೋಟ್ ನನಗ ಗೊತ್ತಿಲ್ಲ, ಮೊಮ್ಮಗ ಈ ಪುಟ ತೋರ್ಸಿದ. ಆದ್ರ ಡಿಸಿ ಮೋಟರು, ಬ್ಯಾಟರಿ, ಥಿಂಬಲ್ಲು (ಬೋಲ್ಟಿಗೆ ಹಾಕಾಕ ವೈರಿನ ತುದಿಗೆ ಒತ್ತೂ ಲೋಹದ ಬಳಿ) ಇವು ಮೂರೂ ಗೊತ್ತು.

ತಮ್ಮಾ, ನೀ ಚೆಕ್ ಮಾಡಿದ್ದು ಸುಳ್ಳಲ್ಲ. ಆದ್ರ ಕೇಳಬೇಕಾದ ಪ್ರಶ್ನೆ ಬ್ಯಾರೆ ಇತ್ತು. ನಿನ್ನ ಮೀಟರ್ ವೋಲ್ಟ್ ನೋಡೂ ಮುಂದ ಬ್ಯಾಟರಿಯಿಂದ ಕರೆಂಟ್ ಎಳೀಯೂದೇ ಇಲ್ಲ ಅಂತ ತಿಳಿ. ಡಿಜಿಟಲ್ ಮೀಟರ್ ಒಳಗ ಸಾಮಾನ್ಯಕ್ಕ 10 ಮೆಗಾ ಓಮ್ ಇರತೈತಿ. ವೈರು ಒಂದ ಎಳಿ ಮ್ಯಾಲೆ ನಿಂತಿದ್ರೂ ಪೂರ್ತಿ ವೋಲ್ಟ್ ತೋರಸ್ತೈತಿ. ನಾವು ಚಾಳಿನ್ಯಾಗ ಇದ್ದಾಗ ನಸುಕಿನ್ಯಾಗ ನಳ ಬರ್ತಿತ್ತು. ಎಲ್ಲಾರೂ ನಳ ಬಂದ್ ಇಟ್ಟಾಗ ಮೂರನೇ ಮಜಲಿಗೂ ಪ್ರೆಶರ್ ಇರ್ತಿತ್ತು. ಕೆಳಗಿನವರು ನಳ ಬಿಟ್ರು ಅಂದ್ರ ನಮ್ಮ ಕೊಡದಾಗ ಗಾಳಿ. ಹಂಗ ಇದು.

ಬೀಪ್ ಅಂತೂ ಇನ್ನೂ ಮೋಸ. ಎಷ್ಟೋ ಮೀಟರ್ 30, 50 ಓಮ್ ತನಕ ಬೀಪ್ ಅಂತಾವ. ನಿನ್ನ ಗಾಡಿ 40 ಆಂಪಿಯರ್ ಎಳೀತೈತಿ ಅಂದ್ಕೋ. ಅಲ್ಲಿ 1 ಓಮ್ ಇದ್ರೂ ಅಷ್ಟು ಕರೆಂಟ್ ಹರಿಯಂಗಿಲ್ಲ. ಓಮಿನ ಸಾವಿರದಾಗ ಒಂದು ಪಾಲಿನ ಲೆಕ್ಕ ಇದು, ಆ ಬೀಪಿಗೆ ಅದು ಕಿವಿಗೇ ಬೀಳಂಗಿಲ್ಲ.

ಕೆಲಸ ಹೇಳ್ತೀನಿ, ಮಾಡಿ ಬಂದು ಹೇಳು. ಗಾಡಿನ್ನ ಗ್ವಾಡಿಗೆ ಆನಿಸಿ ನಿಲ್ಲಿಸು. ಮೀಟರಿನ ಕೆಂಪು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಕರಿ ಕಡ್ಡಿ ಬೋರ್ಡಿನ ಪ್ಲಸ್ಸಿಗೆ. ಹೌದು, ಎರಡೂ ಪ್ಲಸ್ಸಿಗೆ. ಗೆಳ್ಯಾಗ ಗ್ವಾಡಿಗೆ ಒತ್ತಿ ಓಡಸಾಕ ಹೇಳು, ಮೂರು ಸೆಕೆಂಡ್ ಮಾತ್ರ, ಹೆಚ್ಚಾದ್ರ ಮೋಟರ್ ಸುಡತಾವ. ಮೀಟರ್‌ನಾಗ ಬರೂದೇ ದಾರಿಯೊಳಗ ಕಳದ ವೋಲ್ಟ್. ಆಮ್ಯಾಲೆ ಕರಿ ಕಡ್ಡಿ ಒಂದೊಂದ ಜೋಡಣಿ ಹಿಂದಕ್ಕ ತಗೊಂಡ್ ಬಾ. ಕಳ್ಳ ಎಲ್ಲಿ ಕುಂತಾನ ಅನ್ನೂದು ತಾನಽ ತಿಳೀತೈತಿ. ಮೈನಸ್ ಕಡೀಗೂ ಹಂಗ ಮಾಡು, ಬಿಡಬ್ಯಾಡ.


ಪೊವಾಯಿ 120
ಸೋಮವಾರ, ಮಧ್ಯಾಹ್ನ 1:30

ಕಾಕಾ ಹೇಳಿದ್ದಕ್ಕೆ ನನ್ನದೊಂದು ಜೈ. ನಾನು ಮೈಸೂರಿನವನು, ಮುಂಬೈಯಲ್ಲಿ ಒಂದು ಎಫ್‌ಆರ್‌ಸಿ (ಹೈಸ್ಕೂಲ್ ಮಕ್ಕಳ ದೊಡ್ಡ ರೋಬೋಟ್ ಸ್ಪರ್ಧೆ) ತಂಡಕ್ಕೆ ಶನಿವಾರ ಶನಿವಾರ ಪಾಠ ಹೇಳ್ತೀನಿ. ಅಲ್ಲಿ 12 ವೋಲ್ಟಿನ ಸೀಸದ ಬ್ಯಾಟರಿ, ಒಂದು ಮ್ಯಾಚು ಸುಮಾರು ಎರಡೂವರೆ ನಿಮಿಷ. ಮುಖ್ಯ ಬ್ರೇಕರ್ 120 ಆಂಪಿಯರ್, ಅದಕ್ಕೇ ನನ್ನ ಹೆಸರು. ಬ್ಯಾಟರಿಯಿಂದ ಬರೋ ವೈರು 6 ಗೇಜ್ (ಗೇಜ್ ಅಂಕಿ ಸಣ್ಣದಾದಷ್ಟೂ ವೈರು ದಪ್ಪ) ಇರಬೇಕು, 40 ಆಂಪಿಯರ್ ಬ್ರೇಕರಿನ ಮೋಟರ್ ಶಾಖೆಗೆ 12 ಗೇಜ್. ಇದು ಇಷ್ಟದ ಮಾತಲ್ಲ, ನಿಯಮ. ತಪಾಸಣೆಯಲ್ಲಿ ವೈರು ಮುಟ್ಟಿ ನೋಡ್ತಾರೆ.

ಅಲ್ಲಿ ನಾವು ಕಂಡಿರೋ ಸಾವುಗಳಲ್ಲಿ ಮುಕ್ಕಾಲು ಪಾಲು ಬ್ಯಾಟರಿ ಕಂಬದ ಬೋಲ್ಟೇ. ನೋಡೋಕೆ ಬಿಗಿ ಇರತ್ತೆ. ಥಿಂಬಲ್ ಹಿಡಿದು ತಿರುಗಿಸಿದ್ರೆ ಒಂದು ಕೂದಲಷ್ಟು ಅಲುಗತ್ತೆ. ಅಷ್ಟು ಸಾಕು. ಮೋಟರುಗಳು ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದು, ಮೊದಲನೇ ರೋಬೊರಿಯೊ ಕಂಟ್ರೋಲರ್ ಆದ್ರೆ 6.3 ವೋಲ್ಟಿಗೆ ಬಂದಾಗ ತಾನು ಬದುಕೋಕೆ ಮೋಟರುಗಳನ್ನ ಬಿಟ್ಟುಬಿಡತ್ತೆ. ಹುಡುಗರು ಪ್ರೋಗ್ರಾಂ ಬೈತಾರೆ, ಪ್ರೋಗ್ರಾಂ ಹುಡುಗಿ ಅಳ್ತಾಳೆ, ತಪ್ಪು ಒಂದು ಸ್ಪ್ಯಾನರಿನದ್ದು. ಕೈಯಲ್ಲಿ ಹಿಡಿದು ಅಲುಗಿದ್ರೆ ಅದು ಸಡಿಲವೇ, ವಾದವೇ ಇಲ್ಲ ಅಂತ ನಮ್ಮ ತಂಡದಲ್ಲಿ ಮಾತು.

ಕೊಥ್ರೂಡ್ ಹುಡುಗ, ನಿಮ್ಮದು 24 ವೋಲ್ಟಿನ ಗಾಡಿ, ಬಕ್ ಕನ್ವರ್ಟರಿಗೆ ಬೇಕಾದಷ್ಟು ಅವಕಾಶ ಇದೆ. ವೋಲ್ಟೇಜ್ ಕುಸಿತ ಒಂದರಿಂದಲೇ ಕಂಟ್ರೋಲರ್ ಸಾಯೋದು ಕಷ್ಟ. ಪೂರ್ತಿ ಸಂಪರ್ಕವೇ ತಪ್ತಿದೆ ಅಂತ ನನಗನ್ನಿಸತ್ತೆ. ಅಳತೆ ಮಾಡಿ ಹಾಕಿ.


ವಾಸ್ಕೋ ಲ್ಯಾಬು
ಸೋಮವಾರ, ಸಂಜೆ 5:20

ಎಲ್ಲರೂ ದೊಡ್ಡ ದೊಡ್ಡ ಮಾತಾಡ್ತಿದೀರಿ, ಮೊದಲ ಸಾಲಿನ ಸಂಖ್ಯೆ ಯಾರೂ ನೋಡಲಿಲ್ಲ. 6 ಸೆಲ್ಲಿನ ಲಿಪೋ ಪೂರ್ತಿ ತುಂಬಿದಾಗ ಸೆಲ್ಲಿಗೆ 4.2ರ ಲೆಕ್ಕದಲ್ಲಿ 25.2 ವೋಲ್ಟ್. 25.9 ಬರೋಕೆ ದಾರಿಯೇ ಇಲ್ಲ. ಬಂತು ಅಂದ್ರೆ ಒಂದೋ ಚಾರ್ಜರ್ ಕೆಟ್ಟು ಅತಿಯಾಗಿ ತುಂಬಿದೆ, ಹಾಗಿದ್ರೆ ಆ ಬ್ಯಾಟರಿಯನ್ನ ಈಗಲೇ ಮನೆಯಿಂದ ಆಚೆ ಇಡಿ. ಇಲ್ಲಾ ಮೀಟರ್ ಸುಳ್ಳು ಹೇಳ್ತಿದೆ. ಅಗ್ಗದ ಮೀಟರಿನ ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದ್ರೆ ಅದು ಹೆಚ್ಚು ತೋರಿಸತ್ತೆ. ನಮ್ಮ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಪರೀಕ್ಷೆ ಸಮಯದಲ್ಲಿ ಪ್ರತಿ ವರ್ಷ ಈ ನಾಟಕ ಇದೆ.

ಇನ್ನೊಂದು. ಕರೆಂಟ್ ಅಳೆಯೋಕೆ ಕ್ಲ್ಯಾಂಪ್ ಮೀಟರ್ ತರೋದಾದ್ರೆ ಡಿಸಿ ಅಳೆಯೋದು ತನ್ನಿ. ವೈರ್‌ಮನ್ ಹತ್ತಿರ ಇರೋ ಸಾಮಾನ್ಯ ಕ್ಲ್ಯಾಂಪ್ ಎಸಿ ಮಾತ್ರ ಅಳೆಯತ್ತೆ, ನಿಮ್ಮ ಬ್ಯಾಟರಿ ವೈರಿಗೆ ಹಾಕಿದ್ರೆ ಸೊನ್ನೆ ತೋರಿಸಿ ಸುಮ್ಮನೆ ಕೂರತ್ತೆ.


ಕೊಥ್ರೂಡ್ ಹುಡುಗ
ಮಂಗಳವಾರ, ರಾತ್ರಿ 9:10

ವಾಸ್ಕೋದವರ ಕಾಲಿಗೆ ಬಿದ್ದೆ. ಮೀಟರಿನ ಬ್ಯಾಟರಿ ಬದಲಿ ಮಾಡಿದ್ವಿ. ಅದಽ ಪ್ಯಾಕ್ ಈಗ 24.9. ಸೆಲ್ ಚೆಕರ್ ಹಚ್ಚಿ ನೋಡಿದ್ರ ಆರೂ ಸೆಲ್ 4.15 ಆಜೂಬಾಜೂ. ಪ್ಯಾಕ್ ಉಬ್ಬಿಲ್ಲ.

ಡಿಪಾರ್ಟ್‌ಮೆಂಟಿನ ಡಿಸಿ ಕ್ಲ್ಯಾಂಪ್ ಬೇಡಿ ತಂದು, ಕಾಕಾ ಹೇಳಿದಂಗ ಗ್ವಾಡಿಗೆ ಆನಿಸಿ ಓಡಿಸಿದ್ವಿ. 40 ಆಂಪಿಯರ್ ಎಳಿಯೂ ಹಂಗ ಜಾಯ್‌ಸ್ಟಿಕ್ ಹಿಡದು ಅಳದೀವಿ. ಬ್ಯಾಟರಿ ತುದಿಗೆ 24.9 ಇದ್ದದ್ದು 24.1ಕ್ಕ ಇಳೀತು. ಬ್ಯಾಟರಿ ಪ್ಲಸ್ಸಿಂದ ಬೋರ್ಡಿನ ಪ್ಲಸ್ಸಿಗೆ 2.1 ವೋಲ್ಟ್ ಕಳೀತೈತಿ. ಮೈನಸ್ ಕಡೆ ಬರೇ 0.13.

ಪ್ಲಸ್ ಕಡೆ ಒಂದೊಂದ ಹಿಂದ ಬಂದ್ವಿ. ಎಕ್ಸ್‌ಟಿ60 ಒಂದರಾಗಽ 1.4. ಎಮರ್ಜೆನ್ಸಿ ಬಟನ್‌ನಾಗ 0.6. ಉಳಿದ ವೈರು ಎಲ್ಲಾ ಕೂಡಿ 0.1. ಎರಡು ಕಳ್ಳರು, ಕಾಕಾ. ಕನೆಕ್ಟರ್ ಮುಟ್ಟಿದ್ರ ಕೈ ಚುರ್ ಅಂತು. ಇದಽ ಕನೆಕ್ಟರಿಗೆ ಶನಿವಾರ ನಾ ಬೀಪ್ ಕೇಳಿ ಟಿಕ್ ಹಾಕಿದ್ದೆ.


ಕಾರ್‌ಶೆಡ್ ಕಾಕಾ
ಮಂಗಳವಾರ, ರಾತ್ರಿ 10:00

ಶಾಬ್ಬಾಸ್. ಈಗ ಗುಣಾಕಾರ ಮಾಡು. 1.4 ವೋಲ್ಟ್, 40 ಆಂಪಿಯರ್: 56 ವಾಟ್. ಆ ಪುಟ್ಟ ಹಳದಿ ಕನೆಕ್ಟರ್ ಒಳಗ 56 ವಾಟ್ ಬೆಂಕಿ. ನೀವು ಬೆಸುಗಿ ಹಾಕಿದ ಸೋಲ್ಡರಿಂಗ್ ಕಡ್ಡಿ ಎಷ್ಟು ವಾಟಿಂದು? 25 ಇದ್ದೀತು, ಎಲ್ಲಾ ಹುಡುಗರ ಹತ್ರ ಅದಽ ಇರೂದು. ಅಂದ್ರ ಒಂದ ಜೋಡಣಿಯೊಳಗ ಎರಡು ಕಡ್ಡಿ ಚುಚ್ಚಿ ಬಿಟ್ಟಂಗ. ಬಟನ್‌ನಾಗ ಇನ್ನೊಂದು ಕಡ್ಡಿ.

ಅದಽ 25 ವಾಟಿನ ಕಡ್ಡಿ ರೋಗಾನೂ ಹುಟ್ಟಸೇತಿ ನೋಡು. 12 ಗೇಜಿನ ದಪ್ಪ ತಾಮ್ರಕ್ಕ ಅದರ ಶಾಖ ಸಾಲೂದಿಲ್ಲ. ನೀ ಒಂದು ಕಡೆ ಕಾಸ್ತಿ, ವೈರು ಅದನ್ನ ಎಳಕೊಂಡು ತಣ್ಣಗ ಮಾಡತೈತಿ. ಸೀಸ ಮ್ಯಾಲಿಂದ ಮ್ಯಾಲೆ ಹರೀತೈತಿ, ಒಳಗ ಎಳಿಗಳಿಗೆ ಹತ್ತೂದಿಲ್ಲ. ಡ್ರೈ ಸೋಲ್ಡರ್. ಸುಮ್ನ ನಿಂತಾಗ ಮುಟ್ಟಿರತೈತಿ, ಬೀಪ್ ಅಂತೈತಿ. ಭಾರ ಬಿತ್ತು, ಕಾದು ಹಿಗ್ತು, ಗಾಡಿ ಅಲಗಾಡ್ತು, ಬಿಟ್ಕೊಂತು. ಕರೆಂಟ್ ನಿಂತಿದ್ದಕ್ಕ ಆರ್ತು, ಮತ್ತ ಕೂಡ್ತು. ನಿನ್ನ ಮೂರು ಸೆಕೆಂಡ್ ಅದು. ಮೊದಲನೇ ಮ್ಯಾಚ್ ಪಾರಾದದ್ದು ಯಾಕ? ಅವಾಗ ಇನ್ನೂ ಕಾದಿರಲಿಲ್ಲ.

60 ವಾಟ್ ಮ್ಯಾಲಿನ ಕಡ್ಡಿ ತಗೋ, ದಪ್ಪ ಚಪ್ಪಟಿ ತುದಿ ಇರಲಿ.

ಬಟನ್ ವಿಷಯ. ಆ ಕೆಂಪು ಬಟನ್ ಬುಡದಾಗ ಏನು ಬರದೈತಿ ಓದು. 10 ಆಂಪಿಯರ್ ಅಂತ ಇದ್ರೂ ಅದು ಎಸಿಗೆ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನಿಗೆ ಬರತೈತಿ, ಕಿಡಿ ತಾನಽ ಆರತೈತಿ. ಡಿಸಿ ಕಿಡಿಗೆ ಆ ಬಿಡುವು ಇಲ್ಲ, ಉರಕೋತ ನಿಂದರತೈತಿ. ನಮ್ಮ ಲೋಕಲ್ ಗಾಡಿ ಮೊದಲ 1500 ವೋಲ್ಟ್ ಡಿಸಿ ಮ್ಯಾಲೆ ಓಡ್ತಿದ್ವು, ಆ ಕಾಂಟಾಕ್ಟರ್‌ಗಳ (ಕಾಯಿಲ್ ಎಳದು ಕೂಡಿಸೂ ದೊಡ್ಡ ಸ್ವಿಚ್) ತುದಿ ಕೆರದು ಕೆರದು ನನ್ನ ಕೈಯಾಗ ಗೆರಿ ಉಳದಿಲ್ಲ. ನೀವು 40 ಆಂಪಿಯರ್ ಡಿಸಿನ್ನ ನೇರ ಬಟನ್‌ನಾಗ ಹಾಯಿಸೀರಿ. ಒಂದು ದಿನ ಅದರ ತುದಿ ಎರಡೂ ಬೆಸಕೊಂಡು, ನೀ ಬಟನ್ ಒತ್ತಿದ್ರೂ ಗಾಡಿ ನಿಂದರಂಗಿಲ್ಲ. ಅದು ಸೋಲಿನ ಮಾತಲ್ಲ, ಕಾಲು ಮುರಿಯೂ ಮಾತು. ಬಟನ್ ಬರೇ ಡಿಸಿ ಕಾಂಟಾಕ್ಟರಿನ ಕಾಯಿಲ್ ಬಿಡಿಸಲಿ, ದೊಡ್ಡ ಕರೆಂಟ್ ಕಾಂಟಾಕ್ಟರ್ ಹೊರಲಿ.


ಟೇಪ್ ಸಾಕು

ಕೋಡ್ ಅಂದಿದ್ದು ವಾಪಸ್ ತಗೊಂಡೆ. ಟೇಪ್ ವಾಪಸ್ ತಗೊಳಲ್ಲ.


ವಾಸ್ಕೋ ಲ್ಯಾಬು
ಬುಧವಾರ, ಬೆಳಿಗ್ಗೆ 8:40

ಹೇಗೂ ಬಿಚ್ಚಿದ್ದೀರಿ, ಬೋರ್ಡಿನ ಸ್ಕ್ರೂ ಟರ್ಮಿನಲ್ಲೂ ನೋಡಿಬಿಡಿ. ಹುಡುಗರು ಎಳೆ ಚೆದುರಬಾರದು ಅಂತ ವೈರಿನ ತುದಿಗೆ ಸೋಲ್ಡರ್ ಹಚ್ಚಿ ಸ್ಕ್ರೂ ಕೆಳಗೆ ಹಾಕ್ತಾರೆ. ಅಂದವಾಗಿ ಕಾಣತ್ತೆ. ಆದ್ರೆ ಸೋಲ್ಡರ್ ಮೆತ್ತನೆ ಲೋಹ, ಒತ್ತಡದಲ್ಲಿ ದಿನ ಕಳೆದಂತೆ ನಿಧಾನ ಹರಡಿಕೊಳ್ಳತ್ತೆ, ಬಿಗಿ ಮಾಡಿದ ಸ್ಕ್ರೂ ಯಾರೂ ಮುಟ್ಟದೆ ಸಡಿಲ ಆಗತ್ತೆ. ಬರಿ ತಾಮ್ರ ಹಾಕಿ, ಇಲ್ಲಾ ಫೆರೂಲ್ (ಎಳೆಗಳನ್ನ ಹಿಡಿದಿಡೋ ಸಣ್ಣ ಲೋಹದ ಕೊಳವೆ) ಒತ್ತಿ ಹಾಕಿ.

ಗೋವಾದಲ್ಲಿ ನಮಗೆ ಇನ್ನೊಂದು ಶನಿ ಇದೆ, ಕಿಲುಬು. ಜೂನ್‌ನಲ್ಲಿ ಮುಚ್ಚಿಟ್ಟ ರೋಬೋಟನ್ನ ಸೆಪ್ಟೆಂಬರಿಗೆ ತೆಗೆದ್ರೆ ಕ್ರಿಂಪಿನ (ಒತ್ತಿ ಕೂಡಿಸಿದ ಜೋಡಣೆಯ) ಬಾಯಲ್ಲಿ ಹಸಿರು. ಸಮುದ್ರದ ಗಾಳಿ, ಮಳೆ, ಎರಡೂ ಸೇರಿ ತಾಮ್ರವನ್ನ ಇನ್ಸುಲೇಶನ್ ಒಳಗೂ ತಿನ್ನತ್ತೆ. ಹೊರಗೆ ಕೆಂಪಗೆ ಹೊಸದಾಗಿ ಕಾಣೋ ವೈರನ್ನ ಒಂದು ಇಂಚು ಸುಲಿದು ನೋಡಿದ್ರೆ ಒಳಗೆ ಕಪ್ಪು. ಕತ್ತರಿಸಿ ಹಿಂದಕ್ಕೆ ಹೋಗಿ ಹೊಳೆಯೋ ತಾಮ್ರ ಸಿಕ್ಕೋ ತನಕ. ಎಕ್ಸ್‌ಟಿ ಕನೆಕ್ಟರಿನ ಪಿನ್ನಿಗೆ ಮಾತ್ರ ಉಪ್ಪುಕಾಗದ ಉಜ್ಜಬೇಡಿ, ಮೇಲಿರೋದು ಚಿನ್ನದ ತೆಳು ಲೇಪ, ಅದು ಹೋದ್ರೆ ಇನ್ನೂ ಬೇಗ ಕೆಡತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ್ರೆ ಸಾಕು.

ನಿಮ್ಮದು ಪುಣೆ, ಈ ಪುರಾಣ ನಿಮಗೆ ಅಷ್ಟು ಬೇಡ. ಆದ್ರೆ ವೈರು ಎಲ್ಲಿ ಕೊಂಡ್ರಿ?


ಕೊಥ್ರೂಡ್ ಹುಡುಗ

ಬುಧವಾರ ಪೇಠದ ತಾಪಕೀರ್ ಗಲ್ಲಿಯೊಳಗ. ಮೀಟರ್ ಲೆಕ್ಕದಾಗ ತಂದದ್ದು.


ಪೊವಾಯಿ 120

ತಾಪಕೀರ್ ಗಲ್ಲಿ ಆಗಲಿ, ನಮ್ಮ ಲ್ಯಾಮಿಂಗ್ಟನ್ ರೋಡ್ ಆಗಲಿ, ಒಳ್ಳೇದೂ ಸಿಗತ್ತೆ, ಬೇರೆಯದೂ ಸಿಗತ್ತೆ. ಒಂದು ಎಳೆ ತೆಗೆದು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ರೆ ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ. ಎಳೆಗಳಿಗೆ ತವರ ಹಚ್ಚಿದ ವೈರಾದ್ರೆ ಹೊರಗೆ ಬೆಳ್ಳಗೆ, ಒಳಗೆ ಕೆಂಪಗೆ ಇರತ್ತೆ, ಅದು ಸರಿಯಾದ್ದು, ಗಾಬರಿ ಬೇಡ. ನಿಮ್ಮ ಅಳತೆಯಲ್ಲಿ ವೈರು ಬರೀ 0.1 ತಿಂದಿದೆ, ಹಾಗಾಗಿ ಅಸಲಿ ಅಂತಲೇ ನನ್ನ ಊಹೆ. 12 ಗೇಜ್ ತಾಮ್ರಕ್ಕೆ ಮೀಟರಿಗೆ ಸುಮಾರು 5 ಮಿಲಿ ಓಮ್. ಅರ್ಧ ಮೀಟರ್ ಇದ್ರೆ ಲೆಕ್ಕ ಸರಿಯಾಗಿ ಕೂರತ್ತೆ.

ಬಿಚ್ಚಿರೋವಾಗಲೇ ಇನ್ನೆರಡು. ಬ್ಯಾಟರಿ ತೆಗೆದಿಟ್ಟು, ರೋಬೋಟ್ ಕಡೆಯ ಕನೆಕ್ಟರಿನ ಪ್ಲಸ್ಸಿಂದ ಒಮ್ಮೆ, ಮೈನಸ್ಸಿಂದ ಒಮ್ಮೆ, ಗಾಡಿಯ ಲೋಹದ ಮೈಗೆ ಓಮ್ ಅಳೀರಿ. ಎರಡೂ ಮೈಗೆ ತಾಗಿರಬಾರದು. ಎಫ್‌ಆರ್‌ಸಿ ತಪಾಸಣೆಯಲ್ಲಿ 120 ಓಮಿಗಿಂತ ಹೆಚ್ಚಿರಬೇಕು ಅಂತಾರೆ, ನಮ್ಮ ಮೀಟರಿನಲ್ಲಿ ಕಿಲೋ ಓಮ್ ದಾಟದೆ ಇದ್ರೆ ನನಗೆ ಸಮಾಧಾನ ಇಲ್ಲ. ಕಾರ್ಬನ್ ಫೈಬರ್ ಹಲಗೆ ಬಳಸಿದ್ರೆ ಅದೂ ಕರೆಂಟ್ ಹಾಯಿಸತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರಲ್ಲ. ಕ್ಯಾನ್ ಬಸ್ (ಕಂಟ್ರೋಲರ್ ಬೇರೆ ಭಾಗಗಳ ಜೊತೆ ಮಾತಾಡೋ ಎರಡು ವೈರಿನ ಜೋಡಿ) ಇದ್ರೆ ಪವರ್ ಆಫ್ ಮಾಡಿ ಎರಡು ವೈರಿನ ನಡುವೆ ಅಳೀರಿ. 60 ಓಮ್ ಬರಬೇಕು, ಎರಡು ತುದಿಯಲ್ಲಿ ಎರಡು 120 ಇರೋದ್ರಿಂದ. 120 ಬಂದ್ರೆ ಮಧ್ಯೆ ಎಲ್ಲೋ ಹರಿದಿದೆ ಇಲ್ಲಾ ಒಂದು ತುದಿಯ ಟರ್ಮಿನೇಟರ್ ಇಲ್ಲ.


ಮುಲುಂಡ್ ಅಮ್ಮ
ಬುಧವಾರ, ರಾತ್ರಿ 10:30

ಇಷ್ಟೆಲ್ಲ ಓದಿ ನನಗೆ ಒಂದು ಸಂಶಯ. ಮಗಳ ತಂಡದಲ್ಲೂ ಪಟ್ಟಿ ಉಂಟು, ಇಪ್ಪತ್ತೆರಡು ಸಾಲು. ಮಕ್ಕಳು ಓಡಿಕೊಂಡು ಟಿಕ್ ಹಾಕುತ್ತಾರೆ. ನಾನೇ ಒಮ್ಮೆ ಬೇಕಂತ ಫ್ಯೂಸು ತೆಗೆದು ಕೈಯಲ್ಲಿ ಇಟ್ಟುಕೊಂಡೆ. ಫ್ಯೂಸಿನ ಸಾಲಿಗೂ ಟಿಕ್ ಬಿದ್ದಿತ್ತು! ಬೈಯಲಿಲ್ಲ, ಮುಷ್ಟಿ ತೆರೆದು ತೋರಿಸಿದೆ ಅಷ್ಟೆ. ಇದಕ್ಕೆ ಎಂತ ಮಾಡುವುದು?


ಟೇಪ್ ಸಾಕು
ಬುಧವಾರ, ರಾತ್ರಿ 10:41

ಇದಕ್ಕೇ ನಾನು ಪಟ್ಟಿ ಸುಟ್ಟುಹಾಕಿದ್ದು ಅಮ್ಮ. ಪಟ್ಟಿ ಉದ್ದ ಆದಷ್ಟೂ ಕಣ್ಣು ಕಾಗದದ ಮೇಲಿರತ್ತೆ, ವೈರಿನ ಮೇಲಲ್ಲ. ಮ್ಯಾಚಿಗೆ ಮೊದಲು ನಮ್ಮದು ಒಂದೇ ಕೆಲಸ: ಪ್ರತಿ ಜೋಡಣೆಯನ್ನ ಬೆರಳಲ್ಲಿ ಹಿಡಿದು ಎಳೆಯೋದು. ಕಣ್ಣು ಮುಚ್ಚಿಕೊಂಡೇ. ಬ್ಯಾಟರಿಯಿಂದ ಶುರು, ಕರೆಂಟು ಹೋಗೋ ದಾರಿಯಲ್ಲೇ ಬೆರಳು ಹೋಗಬೇಕು, ಮೋಟರಿನ ತನಕ. ಬಿಸಿ ಇದ್ರೆ ಬೆರಳಿಗೆ ಗೊತ್ತಾಗತ್ತೆ, ಸಡಿಲ ಇದ್ರೂ ಗೊತ್ತಾಗತ್ತೆ.

ಟೇಪ್ ಅಂತ ನೀವೆಲ್ಲ ನಗ್ತೀರಿ. ನಮ್ಮ ರೋಬೋಟಿಗೆ ಎದುರಾಳಿಯ ಬ್ಲೇಡ್ ಬಡಿದ್ರೆ ಗಾಡಿ ಮೂರು ಅಡಿ ಹಾರತ್ತೆ. ಕನೆಕ್ಟರಿಂದ ಎರಡು ಇಂಚು ಆಚೆ ವೈರನ್ನ ಮೈಗೆ ಝಿಪ್ ಟೈ ಹಾಕಿ ಕಟ್ತೀವಿ, ಕನೆಕ್ಟರಿನ ಎರಡು ಅರ್ಧ ಸೇರಿಸಿ ಟೇಪ್ ಸುತ್ತುತ್ತೀವಿ. ಎಳೆತ ಝಿಪ್ ಟೈ ತಿನ್ನಬೇಕು, ಸೋಲ್ಡರ್ ತಿನ್ನಬಾರದು. ಸೋಲ್ಡರ್ ಹಚ್ಚಿದ ವೈರು ಬಾಗೋದು ಸೋಲ್ಡರ್ ಮುಗಿಯೋ ಗೆರೆಯಲ್ಲೇ, ಮುರಿಯೋದೂ ಅಲ್ಲೇ.


ಕಾರ್‌ಶೆಡ್ ಕಾಕಾ
ಗುರುವಾರ, ಬೆಳಿಗ್ಗೆ 7:30

ಟೇಪಿನ ಹುಡುಗ ಸಣ್ಣ ಮಾತಾಡಿಲ್ಲ. ಬೆರಳಿನ ಮಾತು ಖರೇ.

ಆದ್ರ ಯಾರ ಬೆರಳು ಅನ್ನೂದು ಮುಖ್ಯ. ಕೊಥ್ರೂಡಿನ ತಮ್ಮಾ, ಬೆಸುಗಿ ಹಾಕಿದಾಂವ ನೀನಽ, ಚೆಕ್ ಮಾಡಿದಾಂವನೂ ನೀನಽ, ಹೌದಲ್ಲೋ? ತಾ ಮಾಡಿದ ಕೆಲಸ ನೋಡೂ ಮುಂದ ಮನಷಾಗ ತಾ ಮಾಡಬೇಕು ಅಂದ್ಕೊಂಡಿದ್ದು ಕಾಣತೈತಿ, ಮಾಡಿದ್ದು ಕಾಣಂಗಿಲ್ಲ. ನಮ್ಮ ಶೆಡ್‌ನಾಗ ಬೋಲ್ಟ್ ಬಿಗಿ ಮಾಡಿದಾಂವ ಬಣ್ಣ ಹಚ್ಚೂ ಹಂಗಿರಲಿಲ್ಲ. ಇನ್ನೊಬ್ಬಾಂವ ಬಂದು, ಮತ್ತ ಸ್ಪ್ಯಾನರ್ ಹಾಕಿ ನೋಡಿ, ಬೋಲ್ಟಿನ ತಲಿಯಿಂದ ಪಟ್ಟಿ ತನಕ ಒಂದು ಗೀಟು ಬಣ್ಣ ಎಳೀತಿದ್ದ. ನಾಳೆ ಬೋಲ್ಟ್ ಕೂದಲಷ್ಟು ತಿರುಗಿದ್ರೂ ಗೀಟು ಮುರದು ಕಾಣತೈತಿ. ಟಾರ್ಚ್ ಬಿಟ್ರ ಸಾಕು, ಸ್ಪ್ಯಾನರ್ ಬ್ಯಾಡ. ನಿಮ್ಮ 1 ನಿಮಿಷದಾಗ ಹತ್ತು ಬೋಲ್ಟ್ ನೋಡಬಹುದು.


ಮುಲುಂಡ್ ಅಮ್ಮ

ಬಣ್ಣ ಅಂದರೆ ನೇಲ್ ಪಾಲಿಶ್ ಆಗುತ್ತದಾ ಕಾಕಾ? ಮನೆಯಲ್ಲಿ ಒಣಗಲಿಕ್ಕೆ ಬಂದದ್ದು ನಾಲ್ಕು ಬಾಟ್ಲಿ ಉಂಟು.


ಕಾರ್‌ಶೆಡ್ ಕಾಕಾ

ಭೇಷಾಗಿ ಆಗತೈತಿ ತಂಗಿ. ಕೆಂಪಂದು ಬ್ಯಾಡ, ಕೆಂಪು ವೈರಿನ ಹತ್ರ ಕಾಣೂದಿಲ್ಲ.


ಪೊವಾಯಿ 120
ಗುರುವಾರ, ರಾತ್ರಿ 8:15

ಆ 1 ನಿಮಿಷದ ಬಗ್ಗೆ ಒಂದು ಮಾತು. ಆ ನಿಮಿಷ ಕಣದಲ್ಲಿ ತಪ್ಪು ಹುಡುಕೋಕೆ ಇರೋದಲ್ಲ. ಭಾರ ಹಾಕಿ ಅಳೆಯೋದು, ಬೋಲ್ಟಿಗೆ ಸ್ಪ್ಯಾನರ್, ಸೆಲ್ ಸೆಲ್ ನೋಡೋದು, ಇವೆಲ್ಲ ಹಿಂದಿನ ರಾತ್ರಿಯ ಕೆಲಸ. ಪ್ರತಿ ಮ್ಯಾಚ್ ಮುಗಿದ ತಕ್ಷಣ, ಇನ್ನೂ ಬಿಸಿ ಇರೋವಾಗಲೇ, ಕನೆಕ್ಟರ್ ಮುಟ್ಟಿ ನೋಡೋದು ಎಲ್ಲಕ್ಕಿಂತ ಲಾಭದ್ದು. ಪಿಟ್ ತನಕ ಹೊತ್ತು ತರೋದ್ರಲ್ಲಿ ಸಾಕ್ಷಿ ಆರಿಹೋಗಿರತ್ತೆ. ಕಣದಲ್ಲಿ ಮಾಡೋದಿಷ್ಟೇ: ಕನೆಕ್ಟರ್ ಪೂರ್ತಿ ಕೂತಿದೆಯಾ ಅಂತ ಹೆಬ್ಬೆರಳಲ್ಲಿ ಒತ್ತಿ, ಬೆಲ್ಟ್ ಎಳೆದು, ಎಮರ್ಜೆನ್ಸಿ ಬಟನ್ ತಿರುಗಿಸಿ ಬಿಟ್ಟಿದೆಯಾ ನೋಡಿ, ಲೈಟ್ ನೋಡಿ ಹೊರಗೆ ಬರೋದು. ಬಟನ್ ಒತ್ತಿಟ್ಟೇ ಮ್ಯಾಚ್ ಶುರು ಮಾಡಿದ ತಂಡಗಳನ್ನ ನೋಡಿದೀನಿ, ನಗಬೇಡಿ.

ಹಳೇ ನೆನಪು. 2008ರಲ್ಲಿ ಎಬಿಯು ರೋಬೋಕಾನ್, ಅಂದ್ರೆ ಏಷ್ಯಾ-ಪೆಸಿಫಿಕ್ ದೇಶಗಳ ರೋಬೋಕಾನ್, ಪುಣೆಯ ಬಾಲೆವಾಡಿಯಲ್ಲಿ ನಡೀತು, ನಾನಾಗ ವಿದ್ಯಾರ್ಥಿ, ನೋಡೋಕೆ ಬಂದಿದ್ದೆ. ಆ ವರ್ಷದ ವಿಷಯ ಗೋವಿಂದ, ಗಡಿಗೆ, ಬೆಣ್ಣೆ. ದಹೀ ಹಂಡಿ ಊರಿನಲ್ಲಿ ರೋಬೋಟುಗಳು ಬೆಣ್ಣೆ ಕದಿಯೋ ಆಟ. 2014ರಲ್ಲೂ ಪುಣೆಗೇ ಬಂತು. 2008ರಲ್ಲಿ ನನಗೆ ನೆನಪಿರೋದು ಆಟ ಅಲ್ಲ. ಹೊರದೇಶದ ಒಂದು ತಂಡದ ಹುಡುಗ ಕಣಕ್ಕೆ ಇಳಿಯೋ ಮುಂಚೆ ರೋಬೋಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದು ಕನೆಕ್ಟರನ್ನೂ ಬೆರಳಲ್ಲಿ ಒತ್ತಿ ಒತ್ತಿ ಬಾಯಲ್ಲಿ ಏನೋ ಎಣಿಸ್ತಿದ್ದ. ಜಪ ಮಾಡ್ತಿದಾನೆ ಅಂದ್ಕೊಂಡೆ.


ಕೊಥ್ರೂಡ್ ಹುಡುಗ
ಶನಿವಾರ, ರಾತ್ರಿ 11:20

ಕೆಲಸ ಮುಗಸೀವಿ. 60 ವಾಟಿನ ಕಡ್ಡಿ ತಂದು ಹೊಸ ಎಕ್ಸ್‌ಟಿ90 ಹಚ್ಚೀವಿ. ಡಿಸಿ ಕಾಂಟಾಕ್ಟರ್ ಕುಂದ್ರಿಸಿ, ಬಟನ್ ಬರೇ ಅದರ ಕಾಯಿಲ್‌ಗೆ. ಸ್ಕ್ರೂ ಟರ್ಮಿನಲ್‌ನಾಗ ವಾಸ್ಕೋದವರು ಹೇಳಿದಂಗ ಸೋಲ್ಡರ್ ಹಚ್ಚಿದ ತುದಿ ಮೂರು ಇದ್ವು, ಅದ್ರಾಗ ಎರಡು ಸ್ಕ್ರೂ ಬೆರಳಿಂದ ತಿರುಗಿದ್ವು. ಕತ್ತರಿಸಿ ಫೆರೂಲ್ ಹಾಕೀವಿ.

ಅದಽ ಗ್ವಾಡಿ, ಅದಽ 40 ಆಂಪಿಯರ್. ಬ್ಯಾಟರಿ ಪ್ಲಸ್ಸಿಂದ ಬೋರ್ಡಿಗೆ 2.1 ಇದ್ದದ್ದು ಈಗ 0.2.

ಈ ಸಲ ಅಳದದ್ದು ನಾ ಅಲ್ಲ. ಮೆಕ್ಯಾನಿಕಲ್‌ನ ಹುಡುಗಿ ಅಳದಾಳ, ಆಕಿ ವೈರಿಂಗ್ ಒಮ್ಮೆನೂ ಮುಟ್ಟಿಲ್ಲ. ಬಂದ ಕೂಡ್ಲೆ ಆಕಿ ಕೇಳಿದ ಮೊದಲ ಪ್ರಶ್ನೆ, ಈ ವೈರು ಚಕ್ರಕ್ಕ ತಾಗಂಗಿಲ್ಲೇನು ಅಂತ. ತಾಗತಿತ್ತು. ಇನ್ಸುಲೇಶನ್ ಅರ್ಧ ಸವದಿತ್ತು. ನಾ ಅದರ ಮುಂದ ಒಂದು ತಿಂಗಳಿಂದ ಕುಂತೀನಿ.

ಕಾಕಾ, ಹಳೇ ಎಕ್ಸ್‌ಟಿ60 ಕುಯ್ದು ನೋಡಿದ್ವಿ. ಸೋಲ್ಡರ್ ಮ್ಯಾಲೆ ಟೊಪ್ಪಿಗಿ ಹಾಕಿದಂಗ ಇತ್ತು. ಒಳಗಿನ ಎಳಿ ಹಿಡದು ಎಳದ್ರ ಹಂಗಽ ಈಚೆ ಬಂದ್ವು, ಸೀಸದ ಗುರುತಽ ಇಲ್ಲ. ಸುತ್ತ ಕರ್ರಗಾಗಿತ್ತು. ಅದನ್ನ ಲ್ಯಾಬಿನ ಬೋರ್ಡಿಗೆ ಮೊಳಿ ಹೊಡದು ತೂಗು ಹಾಕೀವಿ.

ಬೋಲ್ಟಿಗೆಲ್ಲಾ ನೇಲ್ ಪಾಲಿಶ್ ಗೀಟು ಎಳದೀವಿ. ಅವ್ವನ ಕಪಾಟಿನ್ಯಾಗಿಂದ ತಂದ ಗುಲಾಬಿ. ಕೇಳಿದ್ಲು, ಯಾವ ಹುಡುಗಿಗೋ ಅಂತ. ಬೋಲ್ಟಿಗೆ ಅಂದೆ, ನಂಬಲಿಲ್ಲ.

ಮುಂದಿನ ಸ್ಪರ್ಧಾ ಬರೂ ಭಾನುವಾರ.


ಕಾರ್‌ಶೆಡ್ ಕಾಕಾ

0.2 ಭೇಷ್. ಮೀಟರಿನ ಬ್ಯಾಟರಿ ಒಂದು ಹೆಚ್ಚಿಂದು ಚೀಲದಾಗ ಇರಲಿ.


ಟೇಪ್ ಸಾಕು

ಎಲ್ಲಾ ಸರಿ. ಕನೆಕ್ಟರ್ ಮೇಲೆ ಟೇಪ್ ಸುತ್ತಿದ್ರಾ ಇಲ್ವಾ, ಅದು ಹೇಳು.


ಕೊಥ್ರೂಡ್ ಹುಡುಗ

ಸುತ್ತೀವ್ರಿ ಅಣ್ಣಾ. ಎರಡು ಸುತ್ತು.